ಕ್ವಿನ್ಸಿಯಲ್ಲಿ ಉತ್ತರ ಕೊಟ್ಟವರು ಯಾರು?

ಅಮೆರಿಕದಲ್ಲಿ ಸಾರ್ವಜನಿಕರ ಬಳಕೆಗೆ ಇರುವ ವಿಮಾನ ನಿಲ್ದಾಣಗಳು ಸುಮಾರು 5,000. ಅವುಗಳಲ್ಲಿ ಕಂಟ್ರೋಲ್ ಟವರ್ ಇರೋದು ಸುಮಾರು 500ರಲ್ಲಿ ಮಾತ್ರ. ಬೆಂಗಳೂರಲ್ಲಿ ವಿಮಾನ ಹತ್ತಿ ಇಳಿಯೋ ನಮ್ಮಂಥವರಿಗೆ ಇದು ವಿಚಿತ್ರ ಅನ್ನಿಸತ್ತೆ. ಎತ್ತರದ ಗಾಜಿನ ಕೋಣೆಯಲ್ಲಿ ಯಾರೋ ಕೂತು ‘ನೀನು ಇಳಿ, ನೀನು ಸ್ವಲ್ಪ ತಡಿ’ ಅಂತ ಹೇಳದೆ ವಿಮಾನ ಇಳಿಯೋದಾದ್ರೂ ಹೇಗೆ? ಉಳಿದ ನಾಲ್ಕೂವರೆ ಸಾವಿರ ಜಾಗಗಳಲ್ಲಿ ಯಾರು ಮೊದಲು, ಯಾರು ಆಮೇಲೆ ಅಂತ ತೀರ್ಮಾನ ಮಾಡೋರು ಯಾರು?

ಯಾರೂ ಇಲ್ಲ. ಪೈಲಟ್‌ಗಳೇ ತಮ್ಮತಮ್ಮಲ್ಲಿ ಮಾತಾಡಿಕೊಳ್ತಾರೆ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರು. ಹತ್ತಾರು ಮಷೀನುಗಳು ಒಬ್ಬ ಯಜಮಾನನಿಲ್ಲದೆ ಒಂದಕ್ಕೊಂದು ಮೆಸೇಜ್ ಕಳಿಸಿಕೊಂಡು ಕೆಲಸ ಮಾಡೋ ಸಿಸ್ಟಮ್‌ಗಳು ನನ್ನ ದಿನದ ಪಾಡು. ಅಂಥ ಸಿಸ್ಟಮ್ ಹೇಗೆ ಕೆಡತ್ತೆ ಅಂತ ತಿಳಿಯೋದಕ್ಕೆ ವಿಮಾನ ಅಪಘಾತದ ತನಿಖಾ ವರದಿಗಳಿಗಿಂತ ಒಳ್ಳೆ ಓದು ಇಲ್ಲ. ಅವುಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಕ್ವಿನ್ಸಿ ಅನ್ನೋ ಊರಿನ ವರದಿ. ಅದಕ್ಕೆ ಬರೋ ಮೊದಲು ಈ ಟವರ್ ಇಲ್ಲದ ಪದ್ಧತಿ ಹೇಗೆ ಬೆಳೀತು ಅಂತ ಸ್ವಲ್ಪ ಹೇಳಬೇಕು.

ಶುರುವಿನಲ್ಲಿ ಟವರ್ ಹಾಗಿರಲಿ, ರನ್‌ವೇನೇ ಇರಲಿಲ್ಲ. 1920ರ ದಶಕದ ಏರ್‌ಫೀಲ್ಡ್ ಅಂದ್ರೆ ಹೆಚ್ಚಿನ ಕಡೆ ಬರೀ ಫೀಲ್ಡು, ಹುಲ್ಲಿನ ಬಯಲು. ಗಾಳಿ ಯಾವ ಕಡೆಯಿಂದ ಬೀಸ್ತಿದೆಯೋ ಅದಕ್ಕೆ ಎದುರಾಗಿ ಇಳಿಯೋದು, ಎದುರಾಗಿಯೇ ಏರೋದು. ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವಾಗಿನ ವೇಗ ಕಡಿಮೆ ಇರತ್ತೆ, ಬೇಗ ನಿಲ್ಲಿಸಬಹುದು. ಕಣದಲ್ಲಿ ರಾಗಿ ತೂರುವವರು ಮೊದಲು ಗಾಳಿ ನೋಡಿ ಆಮೇಲೆ ಮೊರ ಎತ್ತೋದನ್ನ ನೋಡಿ ಬೆಳೆದವನಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಯಲಿನ ಅಂಚಲ್ಲಿ ಕಂಬಕ್ಕೆ ಕಟ್ಟಿದ ಗಾಳಿಚೀಲವೇ ಆ ಕಾಲದ ಟ್ರಾಫಿಕ್ ಪೊಲೀಸ್. ಎಲ್ಲರೂ ಒಂದೇ ಗಾಳಿಚೀಲ ನೋಡಿದರೆ ಎಲ್ಲರೂ ಒಂದೇ ದಿಕ್ಕಿನಲ್ಲಿ ಇಳಿಯುತ್ತಾರೆ, ಎದುರುಬದುರು ಬರೋ ಪ್ರಮೇಯ ಕಡಿಮೆ.

ವಿಮಾನಗಳು ಹೆಚ್ಚಾದ ಹಾಗೆ ಗಾಳಿಚೀಲ ಒಂದೇ ಸಾಲಲಿಲ್ಲ. 1929ರಲ್ಲಿ ಸೇಂಟ್ ಲೂಯಿಸ್ ನಗರದ ಲ್ಯಾಂಬರ್ಟ್ ಫೀಲ್ಡ್‌ನಲ್ಲಿ ಆರ್ಚಿ ಲೀಗ್ ಅನ್ನೋರನ್ನ ಈ ಕೆಲಸಕ್ಕೆ ಇಟ್ಟುಕೊಂಡರು. ಅವರ ಆಫೀಸು ಒಂದು ತಳ್ಳುಗಾಡಿ. ಅದರಲ್ಲಿ ಒಂದು ಕುರ್ಚಿ, ದೊಡ್ಡ ಛತ್ರಿ, ಕುಡಿಯೋ ನೀರು, ಮಧ್ಯಾಹ್ನದ ಊಟ, ಎರಡು ಬಾವುಟ. ಚೌಕುಳಿ ಬಾವುಟ ಬೀಸಿದರೆ ‘ಹೋಗು’, ಕೆಂಪು ಬೀಸಿದರೆ ‘ನಿಲ್ಲು’. ಅಮೆರಿಕದ ಮೊದಲ ಏರ್ ಟ್ರಾಫಿಕ್ ಕಂಟ್ರೋಲರ್ ಅಂತ ಇವತ್ತಿಗೂ ಅವರನ್ನೇ ನೆನೆಯೋದು. ಮರುವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ರೇಡಿಯೊ ಇರುವ ಟವರ್ ಬಂತು. ಅಲ್ಲಿಂದ ಮುಂದಿನ ಟವರ್‌ಗಳ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ಟವರ್ ಬಾರದೇ ಉಳಿದ ಊರುಗಳ ಕಥೆ ಮಾತ್ರ ಹೆಚ್ಚು ಯಾರೂ ಹೇಳಲ್ಲ.

ಟವರ್ ಅಂದ್ರೆ ಕಟ್ಟಡಕ್ಕಿಂತ ಸಂಬಳದ ಖರ್ಚು. ಪಾಳಿಯ ಮೇಲೆ ಜನ ಬೇಕು, ಅವರಿಗೆ ವರ್ಷಗಟ್ಟಲೆ ತರಬೇತಿ ಬೇಕು. ದಿನಕ್ಕೆ ನಾಲ್ಕಾರು ವಿಮಾನ ಬಂದುಹೋಗೋ ಊರಿಗೆ ಯಾವ ಸರ್ಕಾರವೂ ಅಷ್ಟು ದುಡ್ಡು ಹಾಕಲ್ಲ. ಇದ್ದ ಟವರ್‌ಗಳೂ ಶಾಶ್ವತ ಅಂತೇನಿಲ್ಲ. 1981ರ ಆಗಸ್ಟ್‌ನಲ್ಲಿ ಕಂಟ್ರೋಲರ್‌ಗಳು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಜನರನ್ನ ಒಂದೇ ಏಟಿಗೆ ಕೆಲಸದಿಂದ ತೆಗೆದರು. ಆಗ ಹಲವು ಚಿಕ್ಕ ಟವರ್‌ಗಳಿಗೆ ಬೀಗ ಬಿತ್ತು. 2013ರಲ್ಲಿ ಬಜೆಟ್ ಕಡಿತದ ಹೆಸರಲ್ಲಿ 149 ಟವರ್ ಮುಚ್ಚೋ ಪಟ್ಟಿಯೇ ಹೊರಬಿತ್ತು. ಕೊನೆ ಗಳಿಗೆಯಲ್ಲಿ ಸಂಸತ್ತು ದುಡ್ಡು ಹೊಂದಿಸಿದ್ದರಿಂದ ಉಳಿದವು. ಲೇಆಫ್ ಅನ್ನೋ ಪದ ನಮ್ಮ ಫೀಲ್ಡಿನವರ ಆಸ್ತಿ ಅಲ್ಲ ನೋಡಿ.

ಹಾಗಾಗಿ ಟವರ್ ಇಲ್ಲದೆ ಬದುಕೋದಕ್ಕೆ ಪೈಲಟ್‌ಗಳು ದಶಕಗಳ ಕಾಲ ಒಂದೊಂದೇ ರೂಢಿ ಕಟ್ಟಿಕೊಂಡು ಬಂದರು. ಮೊದಲನೆಯದು, ಇಳಿಯೋ ಮುಂಚೆ ಮೈದಾನದ ಸುತ್ತ ಹಾಕೋ ಸುತ್ತು. ಸುಮಾರು 1,000 ಅಡಿ ಎತ್ತರದಲ್ಲಿ, ರನ್‌ವೇಯನ್ನು ಎಡಗಡೆ ಇಟ್ಟುಕೊಂಡು, ಅದಕ್ಕೆ ಸಮಾನಾಂತರವಾಗಿ ಗಾಳಿಯ ಜೊತೆ ಹೋಗಬೇಕು. ರನ್‌ವೇಯ ತುದಿ ದಾಟಿದ ಮೇಲೆ ಎಡಕ್ಕೆ ತಿರುಗಬೇಕು, ಮತ್ತೊಮ್ಮೆ ಎಡಕ್ಕೆ ತಿರುಗಿ ಗಾಳಿಗೆ ಎದುರಾಗಿ ಇಳಿಯಬೇಕು. ದೇವಸ್ಥಾನದಲ್ಲಿ ನಾವು ದೇವರನ್ನ ಬಲಗಡೆ ಇಟ್ಟುಕೊಂಡು ಸುತ್ತು ಬಂದರೆ ಇಲ್ಲಿ ಅಪ್ರದಕ್ಷಿಣೆ. ಕಾರಣ ಸರಳ. ಪೈಲಟ್ ಕೂರೋದು ಎಡಗಡೆ ಸೀಟಲ್ಲಿ, ಎಡಕ್ಕೆ ತಿರುಗಿದರೆ ನೆಲ ಚೆನ್ನಾಗಿ ಕಾಣತ್ತೆ. ಗುಡ್ಡವೋ ಊರೋ ಅಡ್ಡ ಇರುವ ಕೆಲವು ಕಡೆ ಬಲಸುತ್ತೂ ಉಂಟು, ಅದನ್ನ ಮೊದಲೇ ತಿಳಿಸಿರ್ತಾರೆ. ಹೊರಗಿನಿಂದ ಬರುವವರು ಈ ಸುತ್ತಿಗೆ 45 ಡಿಗ್ರಿ ಓರೆಯಲ್ಲಿ ಬಂದು ಸೇರಿಕೊಳ್ಳಬೇಕು. ಇದರ ಲಾಭ ಏನಂದ್ರೆ, ಆಕಾಶದಲ್ಲಿ ಇನ್ನೊಂದು ವಿಮಾನ ಎಲ್ಲಿರಬಹುದು ಅಂತ ಮೂಲೆ ಮೂಲೆ ಹುಡುಕಬೇಕಿಲ್ಲ. ಇದ್ದರೆ ಈ ಸುತ್ತಿನಲ್ಲೇ ಇರತ್ತೆ.

ಯಾರಿಗೆ ಮೊದಲ ಹಕ್ಕು ಅನ್ನೋದಕ್ಕೆ ಕಾನೂನೇ ಇದೆ. ಇಳಿಯೋ ಹಂತದಲ್ಲಿರುವ ವಿಮಾನಕ್ಕೆ ನೆಲದ ಮೇಲೆ ಇರುವವರು ದಾರಿ ಬಿಡಬೇಕು. ಇಬ್ಬರೂ ಇಳಿಯೋಕೆ ಬರ್ತಿದ್ದರೆ ಕೆಳಗೆ ಇರುವವರು ಮೊದಲು. ಹಾಗಂತ ಬೇಕಂತಲೇ ಕೆಳಗಿಳಿದು ಇನ್ನೊಬ್ಬರ ಮುಂದೆ ನುಗ್ಗೋ ಹಾಗಿಲ್ಲ ಅಂತಲೂ ಅದೇ ನಿಯಮದಲ್ಲಿ ಬರೆದಿದ್ದಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದವರೇ ಯಾರೋ ಬರೆದಿರಬೇಕು.

ಆಮೇಲೆ ಬಂದದ್ದು ರೇಡಿಯೊ ರೂಢಿ. ಪ್ರತಿ ನಿಲ್ದಾಣಕ್ಕೂ ಒಂದು ಫ್ರೀಕ್ವೆನ್ಸಿ ಗೊತ್ತು ಮಾಡಿರ್ತಾರೆ. ಆ ಸುತ್ತಮುತ್ತ ಇರೋ ಎಲ್ಲರೂ ಅದನ್ನೇ ಕೇಳ್ತಿರಬೇಕು, ಅದರಲ್ಲೇ ಹೇಳ್ತಿರಬೇಕು. ಹತ್ತು ಮೈಲಿ ದೂರ ಇರುವಾಗಲೇ ನಾನು ಇಂಥವನು, ಇಲ್ಲಿದ್ದೇನೆ, ಹೀಗೆ ಬರ್ತೀನಿ ಅಂತ ಸಾರಬೇಕು. ಸುತ್ತಿನ ಪ್ರತಿ ತಿರುವಿನಲ್ಲೂ ಮತ್ತೆ ಸಾರಬೇಕು. ಫ್ರೀಕ್ವೆನ್ಸಿಗಳು ಎಣಿಕೆಗೆ ಸಿಗೋಷ್ಟೇ ಇರೋದ್ರಿಂದ ಅಕ್ಕಪಕ್ಕದ ಎಷ್ಟೋ ಊರುಗಳಿಗೆ ಒಂದೇ ಫ್ರೀಕ್ವೆನ್ಸಿ ಬಂದಿರತ್ತೆ. ಅದಕ್ಕೇ ಮಾತಿನ ಮೊದಲಿಗೂ ಕೊನೆಗೂ ಊರಿನ ಹೆಸರು ಹೇಳೋ ಪದ್ಧತಿ. ಮೊದಲ ಸಲ ಹೇಳಿದ್ದು ಕೇಳಿಸದೇ ಹೋದರೆ ಕೊನೇದಾದ್ರೂ ಕೇಳಿಸಲಿ ಅಂತ. (ರಾತ್ರಿ ರನ್‌ವೇ ದೀಪ ಹಾಕೋದಕ್ಕೂ ಬಹಳ ಕಡೆ ಆಳಿಲ್ಲ. ಅದೇ ಫ್ರೀಕ್ವೆನ್ಸಿಯಲ್ಲಿ ಮೈಕಿನ ಗುಂಡಿಯನ್ನ ಐದು ಸೆಕೆಂಡಿನೊಳಗೆ ಏಳು ಸಲ ಒತ್ತಿದರೆ ದೀಪ ಪೂರಾ ಬೆಳಗತ್ತೆ. ಇದು ಗೊತ್ತಾದ ದಿನ ಮಕ್ಕಳಷ್ಟು ಖುಷಿಯಾಯ್ತು ನನಗೆ.)

ಇಷ್ಟೆಲ್ಲ ಇದ್ದೂ ಈ ರೇಡಿಯೊದಲ್ಲಿ ನಡೆಯೋದು ಅಪ್ಪಣೆ ಅಲ್ಲ, ಬರೀ ಸುದ್ದಿ. ಕೇಳಿದೋರು ಕೇಳಿದರು, ಬಿಟ್ಟೋರು ಬಿಟ್ಟರು.

ಈಗ ಕ್ವಿನ್ಸಿಗೆ ಬರೋಣ. ಆರ್ಚಿ ಲೀಗ್ ಬಾವುಟ ಬೀಸಿದ ಸೇಂಟ್ ಲೂಯಿಸ್‌ನಿಂದ ಮಿಸಿಸಿಪ್ಪಿ ನದಿಯ ಜೊತೆ ಉತ್ತರಕ್ಕೆ ಹೋದರೆ ಇಲಿನಾಯ್ ರಾಜ್ಯದ ಅಂಚಿನಲ್ಲಿ ಸಿಗೋ ಊರು. ಅದರ ನಿಲ್ದಾಣಕ್ಕೆ ಟವರ್ ಇರಲಿಲ್ಲ. 1996ರ ನವೆಂಬರ್ 19, ಮಂಗಳವಾರ. ಸರಿಯಾಗಿ ಹಿಂದಿನ ಮಂಗಳವಾರ ನಮ್ಮ ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಸೌದಿ ಮತ್ತು ಕಜಾಕ್ ವಿಮಾನಗಳು ಡಿಕ್ಕಿಯಾಗಿ 349 ಜನ ತೀರಿಹೋಗಿದ್ದರು. ಅಲ್ಲಿ ಎರಡೂ ವಿಮಾನಗಳು ದೆಹಲಿಯ ಕಂಟ್ರೋಲರ್ ಜೊತೆ ಮಾತಾಡ್ತಿದ್ದವು. ಆ ಸುದ್ದಿ ಜಗತ್ತನ್ನೇ ಅಲ್ಲಾಡಿಸಿತ್ತು. ಕ್ವಿನ್ಸಿಯದ್ದು ನಮ್ಮ ಕಡೆ ಯಾರಿಗೂ ನೆನಪಿಲ್ಲ. ಸತ್ತವರು 14 ಜನ.

ಸಂಜೆ ಐದರ ಹೊತ್ತು, ಬೆಳಕು ಇಳಿದಿತ್ತು. ಶಿಕಾಗೋದಿಂದ ಹೊರಟು ಬರ್ಲಿಂಗ್ಟನ್ ಅನ್ನೋ ಊರಲ್ಲಿ ಇಳಿದು ಹತ್ತಿದ ಯುನೈಟೆಡ್ ಎಕ್ಸ್‌ಪ್ರೆಸ್‌ನ ಬೀಚ್‌ಕ್ರಾಫ್ಟ್ 1900 ವಿಮಾನ, ಹತ್ತು ಪ್ರಯಾಣಿಕರು ಮತ್ತು ಇಬ್ಬರು ಪೈಲಟ್‌ಗಳನ್ನ ಹೊತ್ತು ಕ್ವಿನ್ಸಿಗೆ ಬರ್ತಿತ್ತು. ಕ್ಯಾಪ್ಟನ್ ಒಬ್ಬ ಹೆಣ್ಣುಮಗಳು. ಅವರು ಆರಿಸಿಕೊಂಡದ್ದು 13ನೇ ರನ್‌ವೇ. ರನ್‌ವೇ ನಂಬರ್ ಅಂದ್ರೆ ದಿಕ್ಸೂಚಿಯ ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು. 13 ಅಂದ್ರೆ 130 ಡಿಗ್ರಿ. ಅದೇ ಹೊತ್ತಿಗೆ ನೆಲದ ಮೇಲೆ ಎರಡು ಪುಟ್ಟ ಖಾಸಗಿ ವಿಮಾನಗಳು ಹೊರಡೋಕೆ ತಯಾರಾಗಿದ್ದವು. ಮುಂದೆ ಕಿಂಗ್ ಏರ್, ಅದರ ಹಿಂದೆ ಚೆರೋಕಿ. ಇಬ್ಬರೂ ಹೊರಟಿದ್ದು 04ನೇ ರನ್‌ವೇಯಿಂದ. ಅಂದ್ರೆ 40 ಡಿಗ್ರಿ. ಲೆಕ್ಕ ಹಾಕಿ, ಎರಡು ರನ್‌ವೇಗಳು ಒಂದನ್ನೊಂದು ನೇರ ಕೂಡುರಸ್ತೆಯ ಹಾಗೆ ಕತ್ತರಿಸುತ್ತವೆ. ಯಾರು ಯಾವ ರನ್‌ವೇ ಬಳಸಬೇಕು ಅಂತ ಹೇಳೋದಕ್ಕೆ ಯಾರೂ ಇರಲಿಲ್ಲ. ಎರಡೂ ಆಯ್ಕೆ ಕಾನೂನಿಗೆ ಸರಿಯೇ.

ಬರ್ತಿದ್ದ ವಿಮಾನದವರು ರೂಢಿಯಂತೆ ಮತ್ತೆ ಮತ್ತೆ ಸಾರಿದರು. ದೂರದಿಂದ, ಹತ್ತಿರದಿಂದ, ಕೊನೆಯ ನೇರಕ್ಕೆ ತಿರುಗುವಾಗ. ಕಿಂಗ್ ಏರ್‌ನಿಂದಲೂ ಒಂದು ಹೆಣ್ಣುದನಿ, 04ನೇ ರನ್‌ವೇಗೆ ಹೋಗಿ ಹೊರಡ್ತೀವಿ ಅಂತ ಹೇಳಿತ್ತು. ಕ್ಯಾಪ್ಟನ್ ಅದನ್ನ ಕೇಳಿಸಿಕೊಂಡಿದ್ದರು. ಇಳಿಯೋಕೆ ಇನ್ನೇನು ಅರ್ಧ ನಿಮಿಷ ಇರುವಾಗ ಅವರಿಗೆ ಅನುಮಾನ ಬಂತು. ಮೈಕ್ ಒತ್ತಿ ನೇರವಾಗಿಯೇ ಕೇಳಿದರು: ನಾಲ್ಕನೇ ರನ್‌ವೇ ಮೇಲಿರೋ ವಿಮಾನ ಅಲ್ಲೇ ಕಾಯ್ತಿದೆಯೋ, ಹೊರಡ್ತಾ ಇದೆಯೋ?

ಕೇಳಬೇಕಾದ ಪ್ರಶ್ನೆ ಅದೇ. ಉತ್ತರವೂ ಬಂತು. ಗಂಡುದನಿ. ತನ್ನ ವಿಮಾನದ ನಂಬರ್ ಹೇಳಿ, ನಾಲ್ಕನೇ ರನ್‌ವೇಯಲ್ಲಿ ಹೊರಡೋಕೆ ಕಾಯ್ತಿದ್ದೀನಿ ಅಂದಿತು. ಅದೇ ಕ್ಷಣಕ್ಕೆ ಇಳಿಯುತ್ತಿದ್ದ ವಿಮಾನದ ಕಾಕ್‌ಪಿಟ್ಟಿನಲ್ಲಿ ಎತ್ತರ ಹೇಳೋ ಯಂತ್ರ ‘ಇನ್ನೂರು’ ಅಂತ ಕೂಗಿತು. ನೆಲ 200 ಅಡಿ ಕೆಳಗಿದೆ ಅನ್ನೋ ಎಚ್ಚರಿಕೆ. ಆ ಗದ್ದಲದ ನಡುವೆ ರೇಡಿಯೊದ ಕೊನೆಯ ತುಣುಕಿನಲ್ಲಿ ‘ಕಿಂಗ್ ಏರ್’ ಅನ್ನೋ ಪದ ಇತ್ತು. ಕ್ಯಾಪ್ಟನ್‌ಗೆ ಸಮಾಧಾನ ಆಯ್ತು. ಇನ್ನೇನು ನಿಮ್ಮ ಕ್ರಾಸಿಂಗ್ ದಾಟಿಬಿಡ್ತೀವಿ ಸರ್, ಥ್ಯಾಂಕ್ಸ್ ಅನ್ನೋ ಅರ್ಥದ ಮಾತು ಹೇಳಿ ಇಳಿಸಿದರು.

ಉತ್ತರ ಕೊಟ್ಟದ್ದು ಕಿಂಗ್ ಏರ್ ಅಲ್ಲ. ಹಿಂದೆ ನಿಂತಿದ್ದ ಚೆರೋಕಿ.

ಚೆರೋಕಿಯ ಪೈಲಟ್ ಸುಳ್ಳು ಹೇಳಲಿಲ್ಲ. ಅವರು ಕಾಯ್ತಿದ್ದದ್ದು ನಿಜ, ಕಿಂಗ್ ಏರ್ ಹಿಂದೆ. ಪ್ರಶ್ನೆ ತನಗಲ್ಲ ಅಂತ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಯಾರೋ ಕೇಳ್ತಿದ್ದಾರೆ, ಯಾರೂ ಉತ್ತರ ಕೊಡ್ತಿಲ್ಲ, ನನಗೆ ಗೊತ್ತಿರೋದನ್ನ ಹೇಳೋಣ ಅನ್ನೋದು ಎಂಥ ಸಹಜ ಗುಣ! ನಮ್ಮೂರ ಬಸ್ ಸ್ಟ್ಯಾಂಡಲ್ಲಿ ‘ಬಸ್ ಹೋಯ್ತೇನಣ್ಣಾ?’ ಅಂದ್ರೆ ಹತ್ತು ಜನ ಉತ್ತರ ಕೊಡ್ತಾರೆ, ಬಸ್ಸಿನ ಡ್ರೈವರ್ ಒಬ್ಬನನ್ನ ಬಿಟ್ಟು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ‘ಎ’ ಮಷೀನಿಗೆ ಕಳಿಸಿದ ಪ್ರಶ್ನೆಗೆ ‘ಬಿ’ ಮಷೀನು ಓಕೆ ಅಂದಿದೆ, ಕಳಿಸಿದವರು ಅದನ್ನ ‘ಎ’ಯ ಓಕೆ ಅಂತ ಲೆಕ್ಕಕ್ಕೆ ಹಾಕಿಕೊಂಡಿದ್ದಾರೆ. ಸಾಫ್ಟ್‌ವೇರಿನಲ್ಲಿ ಹೀಗಾಗಬಾರದು ಅಂತಲೇ ಪ್ರತಿ ಮೆಸೇಜಿಗೂ ಇಂಥವರಿಂದ ಇಂಥವರಿಗೆ ಅನ್ನೋ ಗುರುತು ಅಂಟಿಸಿರ್ತೀವಿ. ಕ್ವಿನ್ಸಿಯಲ್ಲೂ ಉತ್ತರಕ್ಕೆ ಗುರುತು ಇತ್ತು, ಚೆರೋಕಿಯವರು ತಮ್ಮ ನಂಬರ್ ಹೇಳಿಯೇ ಮಾತು ಶುರು ಮಾಡಿದ್ದರು. ಗುರುತು ಇಲ್ಲದೇ ಇದ್ದದ್ದು ಪ್ರಶ್ನೆಗೆ. ನಾಲ್ಕನೇ ರನ್‌ವೇ ಮೇಲಿರೋ ವಿಮಾನ ಅಂದ್ರೆ ಯಾವುದು? ಕಿಂಗ್ ಏರ್ ತನ್ನ ನಂಬರನ್ನ ಮೊದಲೇ ರೇಡಿಯೊದಲ್ಲಿ ಹೇಳಿತ್ತು. ಆ ನಂಬರ್ ಹಿಡಿದು ಕೇಳಿದ್ದರೆ ಚೆರೋಕಿಯವರು ಬಾಯಿ ಬಿಡ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ. ತನಿಖಾ ಸಂಸ್ಥೆಯಾದ ಎನ್‌ಟಿಎಸ್‌ಬಿ ಕ್ಯಾಪ್ಟನ್ ಮೇಲೆ ತಪ್ಪು ಹೊರಿಸಿಲ್ಲ, ನಾನೂ ಹೊರಿಸಲ್ಲ. ನೆಲ 200 ಅಡಿ ಕೆಳಗಿರುವಾಗ ನಂಬರ್ ತಾಳೆ ನೋಡುತ್ತಾ ಕೂರೋದಕ್ಕೆ ಆಗಲ್ಲ. ಆದರೆ ಕಿಂಗ್ ಏರ್‌ನಿಂದ ಮೊದಲು ಬಂದದ್ದು ಹೆಣ್ಣುದನಿ, ಈಗ ಬಂದದ್ದು ಗಂಡುದನಿ, ಕ್ಯಾಪ್ಟನ್ ಬಾಯಲ್ಲಿ ‘ಸರ್’ ಅನ್ನೋ ಮಾತೂ ಬಂದುಹೋಯ್ತು. ವರದಿಯ ಆ ಪುಟಕ್ಕೆ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಂತುಬಿಡ್ತೀನಿ.

ಕ್ಯಾಪ್ಟನ್ ಹೇಳಿದ ಥ್ಯಾಂಕ್ಸ್ ಕೇಳಿದ ಮೇಲೂ ಚೆರೋಕಿ ‘ಹೇಳಿದ್ದು ನಾನು, ಕಿಂಗ್ ಏರ್ ಅಲ್ಲ’ ಅಂತ ತಿದ್ದಲಿಲ್ಲ. ಕಿಂಗ್ ಏರ್ ಏನೂ ಹೇಳಲಿಲ್ಲ. ಹೊರಡ್ತಾ ಇದ್ದೀವಿ ಅಂತಲೂ ಸಾರದೆ ಓಟ ಶುರು ಮಾಡಿತು. ಎರಡು ವಿಮಾನಗಳೂ ಎರಡು ರನ್‌ವೇಗಳು ಕೂಡುವ ಜಾಗದಲ್ಲಿ ಸಂಜೆ 5.01ಕ್ಕೆ ಡಿಕ್ಕಿಯಾದವು.

ಡಿಕ್ಕಿಯ ಪೆಟ್ಟು ಬದುಕಿ ಉಳಿಯೋ ಅಂಥದ್ದೇ ಆಗಿತ್ತು ಅಂತ ವರದಿ ಹೇಳತ್ತೆ. ನಿಲ್ದಾಣದಲ್ಲಿದ್ದ ಕೆಲವು ಪೈಲಟ್‌ಗಳು ಓಡಿ ಬಂದರು. ಕಾಕ್‌ಪಿಟ್ಟಿನೊಳಗೆ ಜೀವಂತ ಇದ್ದ ಕ್ಯಾಪ್ಟನ್, ಬಾಗಿಲು ತೆಗೀರಿ ಅಂತ ಒಳಗಿನಿಂದ ಹೇಳಿದ್ದು ಅವರಿಗೆ ಕೇಳಿಸಿತು. ಬಾಗಿಲು ಬರಲಿಲ್ಲ. ಎಷ್ಟು ಎಳೆದರೂ ಬರಲಿಲ್ಲ. ಬೆಂಕಿ ಹತ್ತಿಕೊಂಡಿತು, ಹೊಗೆ ತುಂಬಿತು. ಅಗ್ನಿಶಾಮಕ ದಳ ಊರಿನಿಂದ ಬರಬೇಕು. 30ಕ್ಕಿಂತ ಹೆಚ್ಚು ಸೀಟಿನ ವಿಮಾನ ಬರೋ ಹೊತ್ತಿಗೆ ಮಾತ್ರ ನಿಲ್ದಾಣದಲ್ಲಿ ಬೆಂಕಿ ಆರಿಸೋ ಸಿಬ್ಬಂದಿ ಇರಬೇಕು ಅನ್ನೋದು ಆಗಿನ ನಿಯಮ. ಊರಿನಿಂದ ಗಾಡಿ ಬರೋದಕ್ಕೆ ಹತ್ತು ನಿಮಿಷಕ್ಕೂ ಹೆಚ್ಚು ಹಿಡೀತು. ದೊಡ್ಡ ವಿಮಾನದ ಹನ್ನೆರಡು ಜನ, ಕಿಂಗ್ ಏರ್‌ನ ಇಬ್ಬರು, ಯಾರೂ ಉಳಿಯಲಿಲ್ಲ.

ಎನ್‌ಟಿಎಸ್‌ಬಿ ಮುಖ್ಯ ಕಾರಣ ಅಂದದ್ದು ಕಿಂಗ್ ಏರ್‌ನವರು ರೇಡಿಯೊವನ್ನು ಸರಿಯಾಗಿ ಕೇಳಲಿಲ್ಲ ಇಲ್ಲವೇ ಸುತ್ತ ಸರಿಯಾಗಿ ನೋಡಲಿಲ್ಲ ಅನ್ನೋದನ್ನ. ಚೆರೋಕಿಯ ಅರ್ಧಂಬರ್ಧ ಕೇಳಿಸಿದ ಮಾತು, ಅದರಿಂದ ಆದ ಅಪಾರ್ಥ ಎರಡನೇ ಕಾರಣ. ತೆರೆಯದ ಬಾಗಿಲು, ಇಲ್ಲದ ಅಗ್ನಿಶಾಮಕ, ಸಾವು ಹೆಚ್ಚಲು ಕಾರಣ. ಸೀಟಿನ ಲೆಕ್ಕದ ಆ ನಿಯಮ ಬದಲಾಗೋದಕ್ಕೆ 2004 ಬರಬೇಕಾಯ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಸೀಟಿನ ವಿಮಾನ ಸೇವೆ ಇರೋ ನಿಲ್ದಾಣಗಳನ್ನೂ ಆಗ ಆ ನಿಯಮಾವಳಿಯೊಳಗೆ ತಂದರು. ಎಂಟು ವರ್ಷ.

ರೇಡಿಯೊ ರೂಢಿಗೂ ತಿದ್ದುಪಡಿಗಳು ಬಂದಿವೆ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 2018ರಲ್ಲಿ ಹೊರಡಿಸಿದ ಸಲಹಾ ಪತ್ರದಲ್ಲಿ, ‘ಈ ಸುತ್ತಮುತ್ತ ಯಾರಾದ್ರೂ ಇದ್ದರೆ ದಯವಿಟ್ಟು ತಿಳಿಸಿ’ ಅನ್ನೋ ಜನಪ್ರಿಯ ವಾಕ್ಯವನ್ನ ಯಾವ ಕಾರಣಕ್ಕೂ ಬಳಸಬೇಡಿ ಅಂತ ಬರೆದಿದೆ. ಕ್ವಿನ್ಸಿಯಲ್ಲಿ ಇಳಿಯೋಕೆ ಬಂದ ವಿಮಾನವೂ ಆ ಮಾತು ಹೇಳಿತ್ತು. ಕೇಳೋಕೆ ಎಷ್ಟು ಸಭ್ಯವಾಗಿದೆ ಅಲ್ವಾ? ತೊಂದರೆ ಏನಂದ್ರೆ, ಹಾಗೆ ಕೇಳಿದಾಗ ಎಲ್ಲರೂ ಒಟ್ಟಿಗೆ ಬಾಯಿ ಹಾಕಿ ಯಾರ ಮಾತೂ ಕೇಳಿಸದೇ ಹೋಗಬಹುದು. ಇಲ್ಲವೇ ಯಾರೂ ಏನೂ ಹೇಳದಿದ್ದಾಗ, ಯಾರೂ ಇಲ್ಲ ಅಂತ ಕೇಳಿದವರು ನಂಬಿಬಿಡಬಹುದು. ಆಫೀಸಿನ ಗ್ರೂಪಿನಲ್ಲಿ ‘ಎನಿ ಅಬ್ಜೆಕ್ಷನ್ಸ್?’ ಅಂತ ಹಾಕಿ ಐದು ನಿಮಿಷದಲ್ಲಿ ಡಿಪ್ಲಾಯ್ ಮಾಡೋರನ್ನ ನಾವೆಲ್ಲ ನೋಡಿದ್ದೀವಿ.

ಹಾಗಂತ ಎಲ್ಲರೂ ಮಾತಾಡಿ, ಎಲ್ಲರೂ ಕೇಳಿಸಿಕೊಂಡರೆ ಸಾಕಾ? 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಒಂದು ಪುಟಾಣಿ ಸೆಸ್ನಾ 152 ರೂಢಿಯಂತೆ ಸುತ್ತು ಹಾಕ್ತಿತ್ತು. ಎರಡು ಎಂಜಿನ್ನಿನ ಸೆಸ್ನಾ 340 ಸುತ್ತು ಹಾಕದೆ ಹತ್ತು ಮೈಲಿ ದೂರದಿಂದ ನೇರವಾಗಿ, ಭಾರಿ ವೇಗದಲ್ಲಿ ಬಂತು. ನೇರವಾಗಿ ಬರೋದಕ್ಕೆ ಕಾನೂನಿನ ಅಡ್ಡಿ ಇಲ್ಲ. ಇಬ್ಬರೂ ತಾವೆಲ್ಲಿದ್ದೀವಿ ಅಂತ ಹೇಳ್ತಾನೇ ಇದ್ದರು. ನೀವು ತುಂಬ ವೇಗವಾಗಿ ನನ್ನ ಹಿಂದೆ ಬರ್ತಿದ್ದೀರಿ, ನಾನು ಇಳಿಯದೆ ಮೇಲೇಳ್ತೀನಿ ಅಂತ ಚಿಕ್ಕ ವಿಮಾನದ ಪೈಲಟ್ ಹೇಳಿದ್ದೇ ಕೊನೆ. ಮೂರು ಜನ ಹೋದರು. ನೇರವಾಗಿ ಬಂದ ಪೈಲಟ್ ಮುಂದಿನ ವಿಮಾನವನ್ನ ನೋಡಿ ತಪ್ಪಿಸಿಕೊಳ್ಳಲಿಲ್ಲ ಅಂತ ವರದಿ ಬಂತು.

ಈಗ ಎಡಿಎಸ್‌-ಬಿ ಅನ್ನೋ ವ್ಯವಸ್ಥೆ ಬಂದಿದೆ. ಪ್ರತಿ ವಿಮಾನ ತನ್ನ ಗುರುತು, ಜಾಗ, ಎತ್ತರವನ್ನ ತಾನೇ ಬಿತ್ತರಿಸ್ತಾ ಇರತ್ತೆ. ಸುತ್ತ ಇರೋರೆಲ್ಲ ಪೈಲಟ್‌ನ ತೊಡೆ ಮೇಲಿನ ಐಪ್ಯಾಡಿನಲ್ಲಿ ಪುಟ್ಟ ಬಾಣಗಳಾಗಿ ಕಾಣ್ತಾರೆ. ನಮ್ಮ ಟ್ಯಾಕ್ಸಿ ಆ್ಯಪಿನ ಮ್ಯಾಪಿನ ಹಾಗೇ ಅಂದುಕೊಳ್ಳಿ. ಅಮೆರಿಕದಲ್ಲಿ 2020ರ ಜನವರಿ 1ರಿಂದ ಇದು ಕಡ್ಡಾಯ, ಆದರೆ ದೊಡ್ಡ ನಿಲ್ದಾಣಗಳ ಸುತ್ತ ಮತ್ತು ಎತ್ತರದ ಆಕಾಶದಲ್ಲಿ. ಟವರ್ ಇಲ್ಲದ ಸಾವಿರಾರು ಹಳ್ಳಿಗಾಡಿನ ನಿಲ್ದಾಣಗಳಲ್ಲಿ ಕಡ್ಡಾಯ ಇಲ್ಲ. ಅಷ್ಟೇ ಯಾಕೆ, ಅಲ್ಲಿ ರೇಡಿಯೊ ಕೂಡ ಕಡ್ಡಾಯ ಇಲ್ಲ. 1930ರ ದಶಕದ ಕೊನೆಯಲ್ಲಿ ತಯಾರಾಗೋಕೆ ಶುರುವಾದ ಪೈಪರ್ ಕಬ್ ಅನ್ನೋ ಹಳದಿ ವಿಮಾನಗಳು ಇವತ್ತಿಗೂ ಹಾರ್ತಿವೆ. ಎಷ್ಟೋ ಕಬ್‌ಗಳಲ್ಲಿ ಬ್ಯಾಟರಿಯೇ ಇಲ್ಲ, ಪ್ರೊಪೆಲರನ್ನ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡಬೇಕು. ಅದು ಯಾರಿಗೂ ಏನೂ ಸಾರದೆ, ಐಪ್ಯಾಡಿನಲ್ಲೂ ಕಾಣದೆ, ಗಾಳಿಚೀಲ ನೋಡಿಕೊಂಡು ಎಡಸುತ್ತು ಹಾಕಿ ಪೂರ್ತಿ ಕಾನೂನುಬದ್ಧವಾಗಿ ಬಂದು ಇಳಿಯಬಹುದು. ಹಿಂದೆ ಬರ್ತಿರೋ ಜೆಟ್ಟಿನ ಪೈಲಟ್ ಕಿಟಕಿಯಿಂದ ಹೊರಗೆ ನೋಡಬೇಕು.